ಬಟವಾಡೆ ಪಟ್ಟಿಯಲ್ಲಿ ಉಳಿದ ಹಿರಿಯರು

ಅರಸರ ಚರಿತ್ರೆಯನ್ನು ಬರೆಯಲು ಹೊರಟವನಿಗೆ ಶಿಲಾಶಾಸನಗಳುಂಟು, ತಾಮ್ರಪಟಗಳುಂಟು, ಆಸ್ಥಾನಕವಿಗಳ ಕಾವ್ಯಗಳುಂಟು. ದೇವಸ್ಥಾನಕ್ಕೆ ಉಂಬಳಿ ಬಿಟ್ಟ ಸೆಟ್ಟಿಯ ಹೆಸರೂ ಕಲ್ಲಿನ ಮೇಲೆ ಉಳಿದುಕೊಳ್ಳುತ್ತದೆ. ಆದರೆ ಬಿಡಲು ಉಂಬಳಿಯಿಲ್ಲದವನ, ತಿಂಗಳ ಸಂಬಳಕ್ಕೆ ದುಡಿದು ಕಣ್ಮರೆಯಾದವನ ಚರಿತ್ರೆ ಎಲ್ಲಿ ಉಳಿಯುತ್ತದೆ? ಈ ಪ್ರಶ್ನೆಗೆ ಉತ್ತರ ಸರಳವಾದುದು: ಅವನಿಗೆ ಸಂಬಳ ಕೊಟ್ಟವರ ಲೆಕ್ಕದ ಪುಸ್ತಕದಲ್ಲಿ. ಅವನನ್ನು ನೆನೆಯಬೇಕೆಂದು ಆ ಪುಸ್ತಕವನ್ನು ಯಾರೂ ಬರೆಯಲಿಲ್ಲ. ಅವನಿಗೆ ಒಂದು ಕಾಸೂ ಹೆಚ್ಚು ಹೋಗಬಾರದೆಂದು ಬರೆದರು. ಆದರೂ ನೂರೈವತ್ತು, ಇನ್ನೂರು ವರ್ಷಗಳ ತರುವಾಯ ಮರಿಮಕ್ಕಳು ತಮ್ಮ ಹಿರಿಯನನ್ನು ಕಂಡುಕೊಳ್ಳುವುದು ಆ ಪುಸ್ತಕದಲ್ಲಿಯೇ.

ಇದಕ್ಕೆ ಬ್ರಿಟನ್ನಿನ ನೌಕಾಪಡೆಯ ಖಲಾಸಿಗಳೂ ಅಲ್ಲಿನ ಕರಾವಳಿಯ ಕಾವಲುಗಾರರೂ ಒಳ್ಳೆಯ ನಿದರ್ಶನ. ತಮ್ಮ ಮುತ್ತಜ್ಜ ಯಾವ ಹಡಗಿನಲ್ಲಿದ್ದ, ಯಾವ ಕಡಲ ತೀರದಲ್ಲಿ ಪಹರೆ ತಿರುಗಿದ ಎಂಬುದನ್ನು ಸರಕಾರದ ದಫ್ತರಗಳಿಂದ ಹುಡುಕಿ ತೆಗೆಯುವ ಕೆಲಸದಲ್ಲಿ ಆ ದೇಶದ ಸಾಮಾನ್ಯ ಜನರು ಬಹುಕಾಲದಿಂದ ತೊಡಗಿದ್ದಾರೆ. ಆ ಕೆಲಸದ ಕ್ರಮವನ್ನು ತಿಳಿದುಕೊಳ್ಳುವುದರಿಂದ ನಮಗೇನು ಎಂದು ವಾಚಕರು ಕೇಳಬಹುದು. ಆ ನೌಕಾಪಡೆಗೂ ನಮ್ಮ ಪಶ್ಚಿಮ ಕರಾವಳಿಗೂ ಇರುವ ನಂಟು ಒಂದು ಕಾರಣ. 1827ರ ಅಕ್ಟೋಬರ್ 20ರಂದು ಗ್ರೀಸಿನ ನವಾರಿನೋ ಕೊಲ್ಲಿಯಲ್ಲಿ ನಡೆದ ಕದನದಲ್ಲಿ ಬ್ರಿಟಿಷ್ ಸೇನಾಪತಿಯ ಧ್ವಜವನ್ನು ಹೊತ್ತಿದ್ದ 'ಏಷ್ಯಾ' ಎಂಬ ಹಡಗು ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದುದು. 1817ರಲ್ಲಿ ಅದೇ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ 'ಟ್ರಿಂಕೋಮಲೀ' ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರದಲ್ಲಿ ಈಗಲೂ ತೇಲುತ್ತಿದೆ. ಇನ್ನೊಂದು ಕಾರಣ ಇದಕ್ಕಿಂತ ಹತ್ತಿರದ್ದು. ಅದನ್ನು ಲೇಖನದ ಕೊನೆಗೆ ಹೇಳುವೆನು.

ಮೊದಲು ಖಲಾಸಿಯ ವಿಷಯ. 1853ಕ್ಕೆ ಮುಂಚೆ ಬ್ರಿಟಿಷ್ ನೌಕಾಪಡೆಯಲ್ಲಿ ಸಾಮಾನ್ಯ ಖಲಾಸಿಗಳೆಲ್ಲರ ಹೆಸರುಗಳನ್ನು ಒಂದೆಡೆ ಬರೆದಿಟ್ಟ ಪಟ್ಟಿಯೇ ಇರಲಿಲ್ಲ. ಖಲಾಸಿಯು ನೌಕಾಪಡೆಯ ನೌಕರನಾಗಿರದೆ ಒಂದು ಹಡಗಿನ ನೌಕರನಾಗಿದ್ದನು. ಹಡಗು ಯಾನವನ್ನು ಮುಗಿಸಿ ಬಂದರವನ್ನು ಸೇರಿದಾಗ ಲೆಕ್ಕ ತೀರಿಸಿ ಅವನನ್ನು ಕಳುಹಿಸಿಬಿಡುತ್ತಿದ್ದರು. ಆದುದರಿಂದ ಆ ಕಾಲದ ಹಿರಿಯನನ್ನು ಹುಡುಕಬೇಕಾದವನಿಗೆ ಮೊದಲು ಹಡಗಿನ ಹೆಸರು ತಿಳಿದಿರಬೇಕು. ಹಡಗಿನ ಹೆಸರು ತಿಳಿದರೆ ಅದರ ಹಾಜರಿ ಪಟ್ಟಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಮಸ್ಟರ್' ಎಂದು ಹೆಸರು. ನಮ್ಮ ಕಡೆಯ ರಸ್ತೆ ಕೂಲಿಯವರಿಗೂ 'ಮಸ್ಟರ್ ರೋಲ್' ಎಂಬ ಮಾತು ಅಪರಿಚಿತವಲ್ಲ.

ಈ ಹಾಜರಿ ಪಟ್ಟಿಯು ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು ಕಲಮುಗಳಾಗಿ ಭಾಗಿಸಿದ ದೊಡ್ಡ ಪುಸ್ತಕ. ಪ್ರತಿಯೊಬ್ಬನಿಗೂ ಒಂದು ಕ್ರಮಸಂಖ್ಯೆ, ಅವನು ಹಡಗನ್ನು ಏರಿದ ದಿನ, ತಾನಾಗಿ ಬಂದನೇ, ಬಲಾತ್ಕಾರದಿಂದ ಹಿಡಿದು ತಂದುದೇ ಎಂಬ ಟಿಪ್ಪಣಿ, ಹೆಸರು, ದರ್ಜೆ. 1764ರ ಅನಂತರದ ಪಟ್ಟಿಗಳಲ್ಲಿ ಹುಟ್ಟಿದ ಊರನ್ನೂ ಹಡಗನ್ನೇರಿದಾಗಿನ ವಯಸ್ಸನ್ನೂ ಸೇರಿಸಿದರು. ಬಟ್ಟೆಗೆ ಇಷ್ಟು, ಹೊಗೆಸೊಪ್ಪಿಗೆ ಇಷ್ಟು ಎಂದು ಸಂಬಳದಿಂದ ಮುರಿದುಕೊಂಡ ಹಣದ ಕಲಮುಗಳೂ ಉಂಟು. ಕೊನೆಯಲ್ಲಿ ಒಂದೆರಡು ಅಕ್ಷರಗಳಲ್ಲಿ ಅವನ ಗತಿ. 'ಡಿ' ಎಂದರೆ ಬಿಡುಗಡೆ. 'ಆರ್' ಎಂದರೆ ಓಡಿಹೋದವನು. 'ಡಿ.ಡಿ.' ಎಂದರೆ ಸಾವಿನಿಂದ ಬಿಡುಗಡೆ. ಮನುಷ್ಯನೊಬ್ಬನ ಮರಣವನ್ನು ಒಂದೇ ಅಕ್ಷರವನ್ನು ಎರಡು ಬಾರಿ ಬರೆದು ಮುಗಿಸಿದ ಗುಮಾಸ್ತನ ಮೇಲೆ ಕೋಪ ಬರಬಹುದು. ಆದರೆ ಆ ಎರಡು ಅಕ್ಷರಗಳ ಪಕ್ಕದಲ್ಲಿ ಅವನು ತಾರೀಕನ್ನು ಬರೆದಿದ್ದಾನೆ. ಸತ್ತವನ ವಂಶಸ್ಥರಿಗೆ ಅದೇ ದೊಡ್ಡ ನಿಧಿ.

ಈ ಖಲಾಸಿಗಳ ಸಂಬಳವೂ ಬಹು ಅಲ್ಪ. ನುರಿತ ಖಲಾಸಿಗೆ 1653ರಲ್ಲಿ ಗೊತ್ತುಪಡಿಸಿದ ತಿಂಗಳಿಗೆ 24 ಷಿಲಿಂಗಿನ ವೇತನವು 1797ರ ತನಕ ಬದಲಾಗಲಿಲ್ಲ. ಆ ವರ್ಷ ಸ್ಪಿಟ್‌ಹೆಡ್ಡಿನಲ್ಲಿ ನೌಕಾಪಡೆಯೇ ದಂಗೆಯೆದ್ದ ಮೇಲೆ ಐದೂವರೆ ಷಿಲಿಂಗು ಏರಿತು. ಆ ಅಲ್ಪ ಸಂಬಳದಲ್ಲಿ ಒಂದು ಭಾಗವನ್ನು ಊರಿನಲ್ಲಿರುವ ಹೆಂಡತಿಗೆ ಅಥವಾ ತಾಯಿಗೆ ಕೊಡಿಸುವ ಏರ್ಪಾಡು 1795ರಲ್ಲಿ ಬಂದಿತು. ಅದರ ಪುಸ್ತಕಗಳಲ್ಲಿ ಹಣ ಪಡೆಯುವ ಹೆಂಗಸಿನ ಹೆಸರು, ವಾಸಸ್ಥಳ, ಎಷ್ಟು ಮಕ್ಕಳು ಎಂಬ ವಿವರಗಳಿವೆ. ಯುದ್ಧಗಳ ಚರಿತ್ರೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದ ಆ ಹೆಂಗಸರು ತಿಂಗಳ ಹಣದ ನೆಪದಿಂದ ಚರಿತ್ರೆಯೊಳಗೆ ಪ್ರವೇಶಿಸಿದ್ದಾರೆ.

ಮುಪ್ಪಿನಲ್ಲಿ ನಿವೃತ್ತಿ ವೇತನ ಬೇಕಾದಾಗ, ಅಥವಾ ಮಗನನ್ನು ಗ್ರೀನಿಚ್ ಆಸ್ಪತ್ರೆಗೆ ಸೇರಿದ ಶಾಲೆಗೆ ಸೇರಿಸಬೇಕಾದಾಗ ಖಲಾಸಿಯು ತನ್ನ ಸೇವೆಯನ್ನು ರುಜುವಾತು ಮಾಡಬೇಕಾಗಿತ್ತು. ಆಗ ಸಂಬಳದ ಕಚೇರಿಯ ಗುಮಾಸ್ತರು ಹಳೆಯ ಬಟವಾಡೆ ಪಟ್ಟಿಗಳನ್ನು ಜಾಲಾಡಿ, ಇಂಥ ಹಡಗಿನಲ್ಲಿ ಇಷ್ಟು ವರ್ಷ, ಇಷ್ಟು ದಿನ ಎಂದು ಸೇವಾಪತ್ರವನ್ನು ಬರೆದುಕೊಡುತ್ತಿದ್ದರು. ಶಾಲೆಯ ಪ್ರವೇಶಕ್ಕೆ ತಂದೆತಾಯಿಗಳ ವಿವಾಹಪತ್ರ, ಮಗುವಿನ ಜ್ಞಾನಸ್ನಾನದ ಪತ್ರ, ತಂದೆಯ ಸೇವಾಪತ್ರ ಇವೆಲ್ಲ ಒಂದೇ ಲಕ್ಕೋಟೆಯಲ್ಲಿ ಸೇರುತ್ತಿದ್ದವು. ಬಡವನೊಬ್ಬ ಮಗನಿಗೆ ವಿದ್ಯೆ ಕೊಡಿಸಬೇಕೆಂದು ಮಾಡಿದ ಓಡಾಟದಿಂದಲೇ ಅವನ ಇಡೀ ಕುಟುಂಬದ ಚರಿತ್ರೆ ಉಳಿದುಕೊಂಡಿದೆ ಎಂಬುದನ್ನು ಉಪಾಧ್ಯಾಯನಾದ ನಾನು ವಿಶೇಷವಾಗಿ ಗಮನಿಸದಿರಲಾರೆ.

1853ರಲ್ಲಿ ಈ ಪದ್ಧತಿ ಬದಲಾಯಿತು. ಹತ್ತು ವರ್ಷಗಳ ನಿರಂತರ ಸೇವೆಗೆ ಒಪ್ಪಿದ ಖಲಾಸಿಗೆ ಒಂದು ಸಂಖ್ಯೆಯನ್ನು ಕೊಟ್ಟು, ಅವನ ಜನ್ಮದಿನ, ಜನ್ಮಸ್ಥಳ, ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮೈಮೇಲಿನ ಗುರುತುಗಳನ್ನು ದಾಖಲೆ ಮಾಡಿಕೊಳ್ಳತೊಡಗಿದರು. ಭಾವಚಿತ್ರವಿಲ್ಲದ ಮುತ್ತಜ್ಜನ ಮೋರೆಯನ್ನು ಇಂದಿನ ಮರಿಮಕ್ಕಳು ಕಲ್ಪಿಸಿಕೊಳ್ಳುವುದು ಈ ಗೆರೆಗಳಿಂದಲೇ. ಮುಂದೆ 1873ರಿಂದ ಹೊಸ ರಿಜಿಸ್ಟರುಗಳು ಪ್ರಾರಂಭವಾದವು. ಅವುಗಳಲ್ಲಿ ಒಬ್ಬೊಬ್ಬನ ಸೇವೆಯೂ ಹಡಗಿನಿಂದ ಹಡಗಿಗೆ, ಒಂದೇ ಹಾಳೆಯ ಮೇಲೆ ಸಾಗುತ್ತದೆ.

ಇನ್ನು ಕರಾವಳಿಯ ಕಾವಲು. ನೆಪೋಲಿಯನ್ನನ ಮೇಲಣ ಯುದ್ಧವು 1815ರಲ್ಲಿ ಮುಗಿಯಿತು. ಯುದ್ಧದ ಕೊನೆಯ ವರ್ಷಗಳಲ್ಲಿ ಸುಮಾರು 1,40,000 ಜನರಿದ್ದ ನೌಕಾಪಡೆಯು ಎರಡು ಮೂರು ವರ್ಷಗಳಲ್ಲಿ ಸುಮಾರು 20,000ಕ್ಕೆ ಇಳಿಯಿತು. ಕೆಲಸವಿಲ್ಲದ ಖಲಾಸಿಗಳು ಕಡಲ ತೀರದ ಊರುಗಳಲ್ಲಿ ತುಂಬಿಕೊಂಡರು. ಅದೇ ತೀರಗಳಲ್ಲಿ ಚಹ, ಹೊಗೆಸೊಪ್ಪು, ಬ್ರಾಂದಿ ಇವುಗಳ ಕಳ್ಳಸಾಗಣೆಯು ಸುಂಕದ ಆದಾಯವನ್ನು ತಿಂದುಹಾಕುತ್ತಿತ್ತು. ಇದನ್ನು ತಡೆಯಲು ಅದುವರೆಗೆ ಮೂರು ಬೇರೆ ಬೇರೆ ಪಡೆಗಳಿದ್ದವು: ಕುದುರೆಯ ಮೇಲೆ ತೀರವನ್ನು ಕಾಯುವ ಸವಾರರು, ಕಡಲಿನಲ್ಲಿ ಸಂಚರಿಸುವ ಸುಂಕದ ಹಡಗುಗಳು, 1809ರಲ್ಲಿ ಸ್ಥಾಪಿಸಿದ ದೋಣಿಗಳ ಪಹರೆ. 1822ರಲ್ಲಿ ಈ ಮೂರನ್ನೂ ಸುಂಕದ ಮಂಡಳಿಯ ಕೆಳಗೆ ಕೂಡಿಸಿ 'ಕೋಸ್ಟ್ ಗಾರ್ಡ್' ಎಂಬ ಒಂದೇ ಪಡೆಯನ್ನು ಮಾಡಿದರು. ಕೆಂಟ್ ಮತ್ತು ಸಸೆಕ್ಸ್ ಪ್ರಾಂತಗಳ ತೀರವನ್ನು ನೌಕಾಪಡೆಯೇ 1817ರಿಂದ ಕಾಯುತ್ತಿತ್ತು. 1831ರಲ್ಲಿ ಅದನ್ನೂ ಇದೇ ಪಡೆಗೆ ಒಪ್ಪಿಸಲಾಯಿತು. ನೌಕಾಪಡೆಯಲ್ಲಿ ಒಳ್ಳೆಯ ನಡತೆಯಿಂದ ದುಡಿದವರಿಗೆ ಇದರಲ್ಲಿ ದೋಣಿಗಾರನ ಕೆಲಸವು ದೊರೆಯುತ್ತಿತ್ತು. ಹೀಗೆ ಒಬ್ಬನೇ ಮನುಷ್ಯನ ಆಯುಸ್ಸಿನ ಪೂರ್ವಾರ್ಧವು ನೌಕಾಪಡೆಯ ಪುಸ್ತಕದಲ್ಲಿ, ಉತ್ತರಾರ್ಧವು ಸುಂಕದ ಮಂಡಳಿಯ ಪುಸ್ತಕದಲ್ಲಿ ಹಂಚಿಹೋಯಿತು.

ಕಾವಲುಗಾರನ ಜೀವನವು ಹೊರನೋಟಕ್ಕೆ ಸುಖವಾದುದು. ಸುಣ್ಣ ಬಳಿದ ಮನೆಗಳ ಸಾಲು, ಪಹರೆಯ ಕೋಣೆ, ದುರ್ಬೀನು, ಜೊತೆಯಲ್ಲಿ ಹೆಂಡತಿ ಮಕ್ಕಳು. ಆದರೆ ರಾತ್ರಿಯೆಲ್ಲ ಕಡಿದಾದ ಬಂಡೆಗಳ ಅಂಚಿನಲ್ಲಿ ತಿರುಗಬೇಕು. ಇದಕ್ಕಿಂತ ಕಠಿನವಾದುದು ಊರಿನವರ ದ್ವೇಷ. ಕಳ್ಳಸಾಗಣೆಯಲ್ಲಿ ಊರಿಗೆ ಊರೇ ಪಾಲುಗೊಂಡಿದ್ದಲ್ಲಿ ಕಾವಲುಗಾರನಿಗೆ ಗೆಳೆಯರು ಸಿಗುವುದು ಹೇಗೆ? ಗೆಳೆಯರು ಸಿಕ್ಕಿಬಿಟ್ಟಾರೆಂಬುದೇ ಸರಕಾರದ ಭಯವಾಗಿತ್ತು. ಆದುದರಿಂದ ಯಾರನ್ನೂ ಅವರವರ ಸ್ವಂತ ಊರಿನ ಬಳಿ ನೇಮಿಸುತ್ತಿರಲಿಲ್ಲ; ಒಂದೇ ಠಾಣೆಯಲ್ಲಿ ಬಹುಕಾಲ ಬಿಡುತ್ತಲೂ ಇರಲಿಲ್ಲ.

ಈ ಅಪನಂಬಿಕೆಯ ಫಲವಾಗಿ ಹುಟ್ಟಿದುದು ಠಾಣೆಗಳ ಸಿಬ್ಬಂದಿ ಪುಸ್ತಕಗಳು. ಪ್ರತಿಯೊಂದು ಠಾಣೆಗೂ ಪುಟಗಳಿದ್ದು, ಯಾರು ಯಾವ ದಿನ ಬಂದರು, ಎಲ್ಲಿಂದ ಬಂದರು, ಯಾವ ದಿನ ಎಲ್ಲಿಗೆ ವರ್ಗವಾದರು ಎಂಬುದನ್ನು ಅವುಗಳಲ್ಲಿ ಬರೆಯುತ್ತಿದ್ದರು. ಒಂದು ಪುಟದ 'ಎಲ್ಲಿಗೆ' ಎಂಬ ಕಲಮನ್ನು ನೋಡಿ ಆ ಠಾಣೆಯ ಪುಟವನ್ನು ತೆರೆದರೆ, ಅಲ್ಲಿ ಅದೇ ಹೆಸರು ಮತ್ತೆ ಕಾಣಿಸುತ್ತದೆ. ಹೀಗೆ ಸರಪಳಿಯ ಕೊಂಡಿಗಳನ್ನು ಹಿಡಿದು ದೋಣಿಗಾರನು ದರ್ಜೆ ಏರಿ ಠಾಣೆಯ ಮುಖ್ಯನಾದ ತನಕ ಹಿಂಬಾಲಿಸಬಹುದು.

ಇದಕ್ಕೆ ಜೊತೆಗೂಡುವುದು ಜನಗಣತಿ. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುವಂತೆ ಹೇಳಲಾಗಿತ್ತು. ಹುಟ್ಟಿದ ಊರಿನ ಹೆಸರನ್ನು ಕೇಳಲಿಲ್ಲ. 1851ರಿಂದ ಊರಿನ ಹೆಸರನ್ನೂ ಮನೆಯ ಯಜಮಾನನೊಡನೆ ಇರುವ ಸಂಬಂಧವನ್ನೂ ಬರೆದರು. ಕಾವಲುಗಾರನ ಮನೆಯ ಗಣತಿಯನ್ನು ನೋಡಿದರೆ ದೊಡ್ಡ ಮಗಳು ಒಂದು ತೀರದಲ್ಲಿ, ಎರಡನೆಯವನು ಇನ್ನೊಂದು ತೀರದಲ್ಲಿ, ಮೂರನೆಯವನು ಐರ್ಲೆಂಡಿನಲ್ಲಿ ಹುಟ್ಟಿದುದಾಗಿ ಕಾಣುವುದು ಸಾಮಾನ್ಯ. ತಂದೆಯ ವರ್ಗಾವಣೆಗಳ ಪಟ್ಟಿಯು ಮಕ್ಕಳ ಜನ್ಮಸ್ಥಳಗಳಲ್ಲಿಯೇ ಅಡಗಿರುತ್ತದೆ. ಆ ಊರುಗಳ ಇಗರ್ಜಿಗಳ ಜ್ಞಾನಸ್ನಾನದ ಪುಸ್ತಕಗಳಲ್ಲಿ ತಂದೆಯ ಉದ್ಯೋಗವೂ ಬರೆದಿರುತ್ತದೆ. ಎರಡನ್ನೂ ಠಾಣೆಯ ಪುಸ್ತಕದೊಡನೆ ತಾಳೆ ನೋಡಿದಾಗ ಒಂದೇ ಹೆಸರಿನ ಇಬ್ಬರು ಬೇರೆ ಬೇರೆಯಾಗಿ ಎದ್ದು ಕಾಣುತ್ತಾರೆ.

ಐರ್ಲೆಂಡಿನ ವಿಷಯದಲ್ಲಿ ಈ ಪುಸ್ತಕಗಳಿಗೆ ವಿಶೇಷವಾದ ಬೆಲೆಯಿದೆ. 1922ರ ಜೂನ್ 30ರಂದು ಡಬ್ಲಿನ್ ನಗರದ ಅಂತರ್ಯುದ್ಧದಲ್ಲಿ ಅಲ್ಲಿನ ಸರಕಾರಿ ದಾಖಲೆಗಳ ಭಂಡಾರವು ಸುಟ್ಟುಹೋಗಿ, 1821ರಿಂದ 1851ರ ತನಕದ ಜನಗಣತಿಯ ಬಹುಭಾಗವು ಬೂದಿಯಾಯಿತು. ಅದಕ್ಕಿಂತ ಮೊದಲೇ 1861ರಿಂದ 1891ರ ತನಕದ ನಾಲ್ಕು ಗಣತಿಗಳ ಹಾಳೆಗಳನ್ನು ಸರಕಾರವೇ ನಾಶಗೊಳಿಸಿತ್ತು. ಆದರೆ ಐರ್ಲೆಂಡಿನ ತೀರದಲ್ಲಿದ್ದ ಕಾವಲುಗಾರರ ಪುಸ್ತಕಗಳು ಲಂಡನ್ನಿನಲ್ಲಿದ್ದುದರಿಂದ ಉಳಿದವು. ಊರಿನ ಭಂಡಾರದಲ್ಲಿ ಬೂದಿಯಾದ ಸಂಗತಿಯು ದೂರದ ಕಚೇರಿಯ ಲೆಕ್ಕದಲ್ಲಿ ಬದುಕಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಮನುಷ್ಯರಂತೆ ಹಡಗುಗಳೂ ನೌಕಾಪಡೆಯಿಂದ ಕಾವಲಿಗೆ ಬಂದುವು. ಚಾರ್ಲ್ಸ್ ಡಾರ್ವಿನ್ ಮಹಾಶಯನು 1831ರಿಂದ 1836ರ ತನಕ ಭೂಪ್ರದಕ್ಷಿಣೆ ಮಾಡಿದ 'ಬೀಗಲ್' ಹಡಗಿನ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಆ ಹಡಗಿನ ಕೊನೆಗಾಲವನ್ನು ಬಲ್ಲವರು ಮಾತ್ರ ಕಡಿಮೆ. 1845ರಲ್ಲಿ ಅದನ್ನು ಎಸೆಕ್ಸ್ ಪ್ರಾಂತದ ರೋಚ್ ನದಿಯಲ್ಲಿ ಕಾವಲಿನ ಹಡಗಾಗಿ ನಿಲ್ಲಿಸಿದರು. ಜಗತ್ತನ್ನು ಸುತ್ತಿದ ಹಡಗು ಲಂಗರು ಹಾಕಿ ನಿಂತಿತು; ಅದರೊಳಗೆ ಕಾವಲುಗಾರರ ಸಂಸಾರಗಳು ವಾಸಮಾಡಿದವು. ನದಿಯಲ್ಲಿ ಸಿಂಪಿ ಸಾಕುವವರು ತಮ್ಮ ದೋಣಿಗಳಿಗೆ ಇದರಿಂದ ಅಡಚಣೆಯೆಂದು ಅರ್ಜಿ ಬರೆದಾಗ ಅದನ್ನು ದಡದ ಕಡೆಗೆ ಸರಿಸಲಾಯಿತು. ಹೆಸರೂ ಹೋಗಿ 'ಕಾವಲು ಹಡಗು ಸಂಖ್ಯೆ 7' ಎಂಬುದಷ್ಟೇ ಉಳಿಯಿತು. 1870ರಲ್ಲಿ ಅದನ್ನು ಒಡೆಯುವುದಕ್ಕಾಗಿ ಮಾರಿದರು. ಡಾರ್ವಿನ್ನನ ಗ್ರಂಥಗಳಲ್ಲಿ ಈ ಸಂಗತಿ ಇರಲಾರದು. ಸುಂಕ ಮತ್ತು ಕಾವಲಿನ ಕಾಗದಗಳನ್ನು ಹಿಡಿದು ಹೊರಟ ಸಂಶೋಧಕರಿಂದ ಹಡಗು ನಿಂತ ಕೆಸರಿನ ಕಟ್ಟೆಯ ಗುರುತು ಹತ್ತಿತು. 2020ರಲ್ಲಿ ಆ ಸ್ಥಳವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಲಾಯಿತು.

1856ರಲ್ಲಿ ಕಾವಲಿನ ಪಡೆಯನ್ನು ಶಾಸನದ ಮೂಲಕ ಸುಂಕದ ಮಂಡಳಿಯಿಂದ ನೌಕಾ ಇಲಾಖೆಗೆ ವರ್ಗಾಯಿಸಿದರು. ರಷ್ಯದ ಮೇಲಣ ಯುದ್ಧದಲ್ಲಿ, 1854ರಲ್ಲಿ, ಅನೇಕ ಕಾವಲುಗಾರರನ್ನು ಬಾಲ್ಟಿಕ್ ಸಮುದ್ರದ ಯುದ್ಧನೌಕೆಗಳಿಗೆ ಕರೆಸಿಕೊಂಡ ಅನುಭವವೇ ಇದಕ್ಕೆ ಹಿನ್ನೆಲೆ. 1923ರಲ್ಲಿ ಪಡೆಯನ್ನು ಮತ್ತೆ ಬೇರ್ಪಡಿಸಿ, ತೀರದ ಕಾವಲನ್ನೂ ಪ್ರಾಣರಕ್ಷಣೆಯನ್ನೂ ವ್ಯಾಪಾರ ಮಂಡಳಿಗೆ ಒಪ್ಪಿಸಿದರು. ಕಾವಲುಗಾರನಿಗೆ ತೀರವೂ ದೋಣಿಯೂ ಅವೇ; ಕಾಗದದ ಮೇಲೆ ಮಾತ್ರ ಯಜಮಾನನು ಬದಲಾದನು. ಆದರೆ ಹುಡುಕುವವನಿಗೆ ಈ ತಾರೀಕುಗಳೇ ಬೀಗದ ಕೈಗಳು. ಯಾವ ವರ್ಷದಲ್ಲಿ ಯಾವ ಇಲಾಖೆ ಯಜಮಾನನಾಗಿತ್ತೆಂಬುದನ್ನು ತಿಳಿಯದವನು ಸರಿಯಾದ ಹೆಸರನ್ನು ಹಿಡಿದುಕೊಂಡು ತಪ್ಪು ಕಪಾಟಿನ ಮುಂದೆ ದಿನಗಟ್ಟಲೆ ನಿಂತಿರುತ್ತಾನೆ. ಈ ಪುಸ್ತಕಗಳೆಲ್ಲ ಈಗ ಲಂಡನ್ನಿನ ಬಳಿ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಠಾಣೆಗಳ ಸಿಬ್ಬಂದಿ ಪುಸ್ತಕಗಳು ಅಲ್ಲಿ ನೌಕಾ ಇಲಾಖೆಯ 175ನೆಯ ಶ್ರೇಣಿಯಲ್ಲಿ ಸೇರಿವೆ. ಅವುಗಳಲ್ಲಿ ಸುಂಕದ ಮಂಡಳಿಯ ಆಡಳಿತಕಾಲದವೂ ಉಂಟು. ಖಲಾಸಿಗಳ ಸೇವಾ ಹಾಳೆಗಳ ಪ್ರತಿಬಿಂಬಗಳನ್ನು ಇಂದು ಅಂತರಜಾಲದ ಮೂಲಕವೂ ತರಿಸಿಕೊಳ್ಳಬಹುದಾಗಿದೆ.

ಇಂಥ ಶೋಧನೆಯಿಂದ ಮನೆತನದ ಹೆಮ್ಮೆ ಹೆಚ್ಚುವುದೆಂದು ಭಾವಿಸಬೇಕಾಗಿಲ್ಲ. 'ನಮ್ಮ ಮುತ್ತಜ್ಜ ನೆಲ್ಸನ್ನನೊಡನೆ ಟ್ರಫಾಲ್ಗರಿನಲ್ಲಿ ಕಾದಿದ' ಎಂಬ ಮಾತು ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. 1805ರ ಅಕ್ಟೋಬರ್ 21ರಂದು ಆ ಕದನದಲ್ಲಿದ್ದ ಹಡಗುಗಳ ಹಾಜರಿ ಪಟ್ಟಿಗಳು ಇದ್ದೇ ಇವೆ. ಹೆಸರು ಅಲ್ಲಿಲ್ಲದಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಅದೇ ಪಟ್ಟಿಗಳಲ್ಲಿ, ಯಾರೂ ಕಥೆ ಕಟ್ಟದ ಅನೇಕರು ಇದ್ದಾರೆ. ಅವರಲ್ಲಿ ಇಂಡಿಯಾದಲ್ಲಿ ಹುಟ್ಟಿದವರೂ ಉಂಟು. ಹಡಗು ಬಿಟ್ಟು ಓಡಿಹೋದ ಮುತ್ತಜ್ಜನೂ ಸಿಗಬಹುದು. ಬಲಾತ್ಕಾರದಿಂದ ಹಿಡಿದು ತಂದವನು ಓಡಿಹೋದನೆಂದರೆ ಅದು ಅಪಕೀರ್ತಿಯೇ ಎಂಬುದನ್ನು ಮರಿಮಕ್ಕಳೇ ಯೋಚಿಸಿ ತೀರ್ಮಾನಿಸಬೇಕು. ದಫ್ತರವು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಇದ್ದುದನ್ನು ಇದ್ದ ದಿನಾಂಕದೊಡನೆ ಮುಂದಿಡುತ್ತದೆ.

ಇನ್ನು ನಾನು ಕೊನೆಗೆ ಹೇಳುವೆನೆಂದ ಕಾರಣ. ಆ ಕಾವಲುಗಾರನು ಕಂಡಂಥ ಯಜಮಾನರ ಬದಲಾವಣೆಯನ್ನು ನಮ್ಮ ಕಾಸರಗೋಡಿನ ಹಿರಿಯರೂ ಕಂಡವರು. 1956ರ ಅಕ್ಟೋಬರ್ ಕೊನೆಯ ತನಕ ಈ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಹೋಯಿತು. ನಾವು ಕೇರಳಕ್ಕೆ ಸೇರಿದೆವು. ಮುಂದೆ ಕಣ್ಣಾನೂರು ಜಿಲ್ಲೆಯ ಆಡಳಿತಕ್ಕೆ ಒಳಪಟ್ಟು, 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾಯಿತು. ಊರು ಕದಲಲಿಲ್ಲ, ಊರಿನ ಕಾಗದಗಳು ಕದಲಿದವು. ಹಳೆಯ ಕಾಲದ ಶಾನುಭೋಗನ, ಉಗ್ರಾಣಿಯ, ಸುಂಕದ ಕಟ್ಟೆಯ ಪೇದೆಯ, ಜಿಲ್ಲಾ ಬೋರ್ಡಿನ ಶಾಲೆಯ ಮಾಸ್ತರನ ಸೇವೆಯನ್ನು ತಿಳಿಯಬೇಕಾದರೆ ಮಂಗಳೂರಿನಲ್ಲಿ ಕೇಳಬೇಕು, ಚೆನ್ನೈಯ ಎಗ್ಮೋರಿನ ದಫ್ತರಖಾನೆಯಲ್ಲಿ ಕೇಳಬೇಕು, ಕೋಝಿಕ್ಕೋಡಿನಲ್ಲಿ ಕೇಳಬೇಕು. ಕನ್ನಡದಲ್ಲಿ ಬರೆದ ಲೆಕ್ಕವನ್ನು ಕನ್ನಡ ಓದಲಾರದ ಕಚೇರಿಯಲ್ಲಿ ಹುಡುಕಬೇಕಾದ ಸಂದರ್ಭವೂ ಬರುತ್ತದೆ. ಯಾವ ವರ್ಷದಲ್ಲಿ ನಮ್ಮ ಯಜಮಾನರು ಯಾರಿದ್ದರೆಂಬ ಪಟ್ಟಿಯು ನಮ್ಮ ಕೈಯಲ್ಲಿರದಿದ್ದರೆ ನಾವೂ ತಪ್ಪು ಕಪಾಟಿನ ಮುಂದೆಯೇ ನಿಲ್ಲಬೇಕಾದೀತು.

ದಫ್ತರಖಾನೆಗಳ ಯೋಗಕ್ಷೇಮ ನಮ್ಮ ಕೈಯಲ್ಲಿಲ್ಲ. ಮನೆಯ ಅಟ್ಟ ನಮ್ಮ ಕೈಯಲ್ಲಿದೆ. ಅಜ್ಜನ ನೇಮಕಾತಿಯ ಆಜ್ಞೆ, ವರ್ಗಾವಣೆಯ ಕಾಗದ, ನಿವೃತ್ತಿ ವೇತನದ ಪುಸ್ತಕ, ಜಮೀನಿನ ತೀರ್ವೆಯ ರಸೀದಿ ಇವುಗಳನ್ನು ಗೆದ್ದಲಿಗೆ ಬಿಡಬಾರದು, ರದ್ದಿಗೆ ಹಾಕಬಾರದು. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಅವರ ತಂದೆ ಯಾವ ಯಾವ ಊರಿನಲ್ಲಿ ಎಷ್ಟೆಷ್ಟು ವರ್ಷ ಇದ್ದರೆಂದು ಕೇಳಿ, ಒಡಹುಟ್ಟಿದವರಲ್ಲಿ ಯಾರು ಎಲ್ಲಿ ಹುಟ್ಟಿದರೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಇಂಗ್ಲೆಂಡಿನ ಕಾವಲುಗಾರನ ದಾರಿಯನ್ನು ತೋರಿಸಿಕೊಟ್ಟುದು ಅವನ ಮಕ್ಕಳ ಜನ್ಮಸ್ಥಳಗಳೆಂಬುದನ್ನು ಮೇಲೆ ಹೇಳಿದ್ದಾಗಿದೆ. ಆ ಹಾಳೆಗೆ ತಾರೀಕನ್ನು ಹಾಕಿ, ಹೇಳಿದವರ ಹೆಸರನ್ನೂ ಬರೆದವರ ಹೆಸರನ್ನೂ ಕೆಳಗೆ ಬರೆಯುವುದನ್ನು ಮರೆಯಬಾರದು.